ಸುದ್ದಿಗೊಂದು ಶಿಲಿಂಗು

ಮಂಗಳವಾರ ಮಧ್ಯಾಹ್ನ ಮಿಸ್ಟರ್ ಹಾರ್ಬಿನ್ ಬರುತ್ತಾನೆ,
ಗ್ರೀಕ್ ಸ್ಟ್ರೀಟಿನ ಮಾಂಸದ ಕಡುಬಿನಂಗಡಿಯ ಮೇಲೆ
ನಾಲ್ಕು ಅಂತಸ್ತು ಹತ್ತಿ, ಏದುಸಿರು ಬಿಡುತ್ತ,
ಬೂಟಿನ ತುಂಬ ಸೋಹೋದ ಕೆಸರು.
ಟೋಪಿ ತೆಗೆಯುವುದಿಲ್ಲ. ಹಾಳೆ ತೆಗೆಯುತ್ತಾನೆ.
"ಹೇಳು ಪೆರೀನ್, ನಿಮ್ಮರಸ ಇಟ್ಟುಕೊಂಡವಳ ಸುದ್ದಿ.
ಹೊಸದಾದರೆ ಒಂದು ಶಿಲಿಂಗು.
ಹಳಸಿದ್ದಾದರೆ ಆರೇ ಪೆನ್ನಿ."

ಮೊದಲ ವಾರ ನಿಜ ಹೇಳಿದೆ, ಬುದ್ಧಿಗೇಡಿ.
ಅವಳ ಪಾದ ಬೇಸಿಗೆಯಲ್ಲೂ ತಣ್ಣಗೆ ಎಂದೆ.
ಹನ್ನೆರಡು ವರ್ಷ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ
ಹಾಸಿಗೆಯ ಕಾಲ್ದೆಸೆಗೆ ಇಟ್ಟವಳು ನಾನು.
ಎಡದವಡೆಯಲ್ಲೊಂದು ಹುಳುಕು ಹಲ್ಲು;
ನಗುವಾಗ ಬೀಸಣಿಗೆ ಅಡ್ಡ ಹಿಡಿದಳು,
ತಿಂಗಳೊಳಗೆ ಅರಮನೆಯ ಹೆಂಗಸರೆಲ್ಲ
ಹಾಗೇ ಹಿಡಿದು ನಕ್ಕರು, ಹಲ್ಲು ನೆಟ್ಟಗಿದ್ದವರೂ.
ಹಾರ್ಬಿನ್ ಆಕಳಿಸಿದ. ಲೇಖನಿಯ ಶಾಯಿ ಒಣಗಿತು.
"ಹಲ್ಲುನೋವಿಗೆ ಯಾರಮ್ಮಾ ಕಾಸು ಕೊಡುತ್ತಾರೆ?"

ಎರಡನೇ ವಾರದಿಂದ ಹಾಲಿಗೆ ನೀರು ಬೆರೆಸಲಿಲ್ಲ,
ನೀರಿಗೇ ಹಾಲು ಬೆರೆಸಿದೆ.
ಸ್ಟ್ರಾಬೆರಿ ರಸ ತುಂಬಿದ ಸ್ನಾನದ ತೊಟ್ಟಿ.
ಅರಸನ ಗುಟ್ಟು ಕಲಿತು ರಾಣಿಯೆದುರು ಒದರಿದ ಗಿಣಿ.
ಸಂಗೀತದ ಪೆಟ್ಟಿಗೆಯೊಳಗೆ ಅಡಗಿದ ಬಿಷಪ್ಪ
ಸೀನಿದ, ಅದೂ ಶ್ರುತಿ ಸೇರಿಸಿ.
ಶಿಲಿಂಗು ಮೇಜಿನ ಮೇಲೆ ಠಣ್ಣೆಂದಿತು.

ಕಂಬಳಿ ಪರದೆಯ ಆಚೆ ಯಾರೋ ಕೆಮ್ಮಿದರು.
"ಯಾರದು?"
"ನಮ್ಮಕ್ಕ. ಕಿವಿ ಕೇಳಿಸುವುದಿಲ್ಲ."

ಅವನ ಬೂಟು ಕೆಳಗಿನ ಮೆಟ್ಟಿಲು ಮುಟ್ಟುವವರೆಗೆ ಕಾದು
ಪರದೆ ಸರಿಸಿ ಮದಾಮ್ ಹೊರಬರುತ್ತಾಳೆ,
ಕೈಯಲ್ಲಿ ಚಾಕು, ಅರ್ಧ ಹೆರೆದ ಟರ್ನಿಪ್ಪು.
(ಸಿಪ್ಪೆ ಇನ್ನೂ ದಪ್ಪವೇ ತೆಗೆಯುತ್ತಾಳೆ. ಎಷ್ಟು ಹೇಳಿದರೂ.)
"ಬಿಷಪ್ಪ ಸಾಲದು, ಮುಂದಿನ ಸಲ ಕಾರ್ಡಿನಲ್ ಅನ್ನು.
ಒಂದೂವರೆ ಕೇಳು, ಕೊಡುತ್ತಾನೆ."

ಅವನ ಪುಸ್ತಿಕೆ ಕೆಳಗೆ ಬೀದಿಯಲ್ಲೇ ಮಾರುತ್ತಾರೆ.
ಮೇಲಿನ ಚಿತ್ರದ ಮೂಗು ಯಾರದೋ.
ಕೆಳಗೆ ದಪ್ಪಕ್ಷರದಲ್ಲಿ ಒಂದು ಮಾತು;
ಅಕ್ಷರ ಕೂಡಿಸಿ ಕೂಡಿಸಿ ಓದಿ, ಅರ್ಥ ಕೇಳಿದಳು.
ಇಂಗ್ಲಿಷರ ಯಾವುದೋ ಬಿರುದು ಎಂದೆ.
"ಹೂಂ, ನಮ್ಮಲ್ಲೂ ಕೊಡುತ್ತಿದ್ದರು" ಎಂದಳು.

ಒಂದನ್ನು ಮಾತ್ರ ಮಾರಕೂಡದು ಎಂದಿದ್ದಾಳೆ.

ಆ ದಿನ ಊರಿನ ಹೆಂಗಸರು ಅರಮನೆಯ ಗೇಟಿನ ಹತ್ತಿರ
ಹಿಟ್ಟು, ಹಿಟ್ಟು ಎಂದು ಕೂಗಿ ಹೋಗಿದ್ದರು.
ರಾತ್ರಿ ಅರಸ ಹಾಸಿಗೆ ಬಿಟ್ಟೆದ್ದ,
ಒಳಂಗಿಯಲ್ಲೇ, ಬರಿಗಾಲಲ್ಲಿ, ಕಿಟಕಿಯ ಬಳಿ ನಿಂತು ಕೇಳಿದ:
"ಒಂದು ರೊಟ್ಟಿಗೆ ಎಷ್ಟು ಕೊಡುತ್ತಾರೆ, ಗೊತ್ತೇ ನಿನಗೆ?"
ಅವಳು ಯೋಚಿಸಿದಳು.
"ಒಂದು ಚಿನ್ನದ ನಾಣ್ಯ ಇರಬಹುದು."
"ಇರಬಹುದು" ಎಂದು ಒಪ್ಪಿ
ಬಂದು ಮಲಗಿದ. ಗೊರಕೆ ಹೊಡೆದ.

ನಾನು ಬಾಗಿಲ ಆಚೆ, ಕೈಯಲ್ಲಿ ಬಿಸಿ ಇಟ್ಟಿಗೆ.
ನನಗೆ ಗೊತ್ತಿತ್ತು.
ದುಡ್ಡು ಕಾಸಿನ ತನಕ ಗೊತ್ತಿತ್ತು.
ನಾಲಗೆಯ ತುದಿಗೆ ಬಂದು ಕೂತಿತ್ತು ಆ ಲೆಕ್ಕ,
ಕೇಳುವವರಿಲ್ಲದೆ
ಇಟ್ಟಿಗೆಯೊಂದಿಗೆ ಆರಿತು.

ಇವತ್ತು ಬೆಳಿಗ್ಗೆ ಮಂಜಿನಲ್ಲಿ ಅವಳೇ ಹೋದಳು,
ಕಾಂಪ್ಟನ್ ಸ್ಟ್ರೀಟಿನ ಬೇಕರಿಯ ಸಾಲಿನಲ್ಲಿ
ಇಬ್ಬರು ಸಿಪಾಯಿಗಳ ಹೆಂಡಿರು, ಒಬ್ಬ ಕಸ ಗುಡಿಸುವವನ ಹಿಂದೆ
ನಿಂತಳಂತೆ ಒಂದು ತಾಸು. ಬಂದವಳೇ ಹೇಳಿದಳು,
"ಹನ್ನೆರಡೂವರೆ ಪೆನ್ನಿ, ಪೆರೀನ್. ನಿನ್ನೆ ಹನ್ನೆರಡಿತ್ತು."
ನಮ್ಮ ಸುಳ್ಳಿನ ದರ ಮಾತ್ರ ಏರಿಲ್ಲ.
ರೊಟ್ಟಿ ಮುರಿದು ಮೆದುವಾದ್ದನ್ನು ತಾನಿಟ್ಟುಕೊಂಡು
ಗಟ್ಟಿ ಅಂಚನ್ನು ನನ್ನತ್ತ ತಳ್ಳಿದಳು. ಅವಳಿಗೀಗ
ಮುಚ್ಚಿಡಲು ಆ ಹಲ್ಲೂ ಇಲ್ಲ.

ರಾತ್ರಿ ಒಂದೇ ಹಾಸಿಗೆ, ಒಂದೇ ಇಟ್ಟಿಗೆ.
ಅವಳ ಪಾದ ಬಂದು ನನ್ನದಕ್ಕೆ ತಾಕುತ್ತದೆ,
ಹಿಮದ ಹಾಗೆ, ಆಗಿನ ಹಾಗೆಯೇ.
ಕೆಳಗೆ ಕುಡುಕರು ಹಾಡಿ ಮುಗಿಸುತ್ತಾರೆ.
ನಿದ್ದೆ ಹತ್ತಿತೇನೋ ಎನ್ನುವಷ್ಟರಲ್ಲಿ, ಕತ್ತಲಲ್ಲಿ:

"ಪೆರೀನ್, ಮಂಗಳವಾರಕ್ಕೆ
ಕರಡಿ ಆದೀತೇ?"